ಓದುಗರ ಪ್ರಶ್ನೆ: ಚಾಟಮ್ ಡಾಕ್‌ಯಾರ್ಡಿನ ಪಕ್ಕದ ಕೆಂಪು ಬ್ಯಾರಕ್ಕುಗಳು

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನ ಚಾಟಮ್ ಎಂಬ ಊರಿನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಮೊನ್ನೆ ವಿಡಿಯೊ ಕರೆ ಮಾಡಿ ತನ್ನ ಕಾಲೇಜಿನ ಗ್ರಂಥಾಲಯವನ್ನು ತೋರಿಸಿದಳು. ರೈಲ್ವೆ ಗೋದಾಮಿನಷ್ಟು ಉದ್ದವಾದ ಒಂದೇ ಸಭಾಂಗಣ, ಅದರ ತುಂಬ ಪುಸ್ತಕದ ಕಪಾಟುಗಳು. "ಅಪ್ಪ, ಇದು ಹಿಂದೆ ಮಿಲಿಟರಿ ಬ್ಯಾರಕ್ಕಾಗಿತ್ತಂತೆ. ಪಕ್ಕದಲ್ಲೇ ಯುದ್ಧನೌಕೆ ಕಟ್ಟುವ ಡಾಕ್‌ಯಾರ್ಡ್ ಇತ್ತಂತೆ. ಈ ಹಾಲ್‌ನಲ್ಲಿ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಜನ ಸತ್ತರಂತೆ" ಎಂದಳು. ಅವಳು ರಾತ್ರಿ ಹೊತ್ತು ಅಲ್ಲಿಯೇ ಕುಳಿತು ಓದುತ್ತಾಳೆ. ಈ ಮಾತು ನಿಜವೇ? ಆ ಬ್ಯಾರಕ್ಕಿನ ಚರಿತ್ರೆಯನ್ನು ದಯವಿಟ್ಟು ತಿಳಿಸಿ.
— ಓದುಗರು, ಹನುಮಂತನಗರ, ಬೆಂಗಳೂರು

ಉತ್ತರ: ನಿಮ್ಮ ಮಗಳು ಹೇಳಿರುವುದು ನಿಜ. ಆದರೆ ಒಂದು ತಿದ್ದುಪಡಿ ಅಗತ್ಯ. ಚಾಟಮ್‌ನಲ್ಲಿ ಭೂಸೇನೆಯ ಬ್ಯಾರಕ್ಕುಗಳೂ ಇದ್ದವು, ನೌಕಾಪಡೆಯ ಬ್ಯಾರಕ್ಕುಗಳೂ ಇದ್ದವು. ನಿಮ್ಮ ಮಗಳ ಗ್ರಂಥಾಲಯವಿರುವುದು ನೌಕಾಪಡೆಯ ಬ್ಯಾರಕ್ಕಿನ ಆವರಣದಲ್ಲಿ. ಸರಿಯಾಗಿ ಹೇಳುವುದಾದರೆ ಆ ಜಾಗ ಚಾಟಮ್‌ಗೆ ಅಂಟಿಕೊಂಡಿರುವ ಗಿಲ್ಲಿಂಗ್‌ಹ್ಯಾಮ್ ಊರಿಗೆ ಸೇರುತ್ತದೆ, ಆದರೂ ಎಲ್ಲರೂ ಅದನ್ನು ಚಾಟಮ್ ಬ್ಯಾರಕ್ಸ್ ಎಂದೇ ಕರೆಯುತ್ತಿದ್ದರು. ಅದರ ಅಧಿಕೃತ ಹೆಸರು 'ಎಚ್‌ಎಂಎಸ್ ಪೆಂಬ್ರೋಕ್'. ಕಟ್ಟಡವೊಂದಕ್ಕೆ ಹಡಗಿನ ಹೆಸರೇಕೆ ಎಂಬುದನ್ನು ಕೆಳಗೆ ಇನ್ನೊಬ್ಬ ಓದುಗರಿಗೆ ಉತ್ತರಿಸುವಾಗ ವಿವರಿಸುತ್ತೇನೆ.

ಚಾಟಮ್ ಡಾಕ್‌ಯಾರ್ಡ್ ಲಂಡನ್ನಿನ ಆಗ್ನೇಯಕ್ಕೆ, ಮೆಡ್‌ವೇ ನದಿಯ ದಂಡೆಯ ಮೇಲಿದೆ. ಹದಿನಾರನೆಯ ಶತಮಾನದಲ್ಲಿ ಚಿಕ್ಕದಾಗಿ ಶುರುವಾದ ಈ ಅಂಗಳದಲ್ಲಿ ನೂರಾರು ಯುದ್ಧನೌಕೆಗಳು ಹುಟ್ಟಿದವು. ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನ ಹಡಗಾಗಿದ್ದ 'ವಿಕ್ಟರಿ'ಯ ಬುಡದ ತೊಲೆಯನ್ನು ಇಲ್ಲಿ ಇಟ್ಟದ್ದು 1759ರಲ್ಲಿ, ಅದು ನೀರಿಗಿಳಿದದ್ದು 1765ರಲ್ಲಿ. ಇಷ್ಟು ಹಳೆಯ ಡಾಕ್‌ಯಾರ್ಡಿನ ಪಕ್ಕದಲ್ಲಿ ನಾವಿಕರ ಬ್ಯಾರಕ್ಕು ತೆರೆದದ್ದು ಮಾತ್ರ 1903ರಲ್ಲಿ. ಭೂಸೇನೆಯ ಸಿಪಾಯಿಗಳಿಗೆ ಅದೇ ಊರಿನಲ್ಲಿ 1757ರಲ್ಲಿಯೇ ವಸತಿ ಸಿದ್ಧವಾಗಿತ್ತು. ಹಡಗಿನಲ್ಲಿ ದುಡಿಯುವವನಿಗೆ ಒಂದು ಸೂರು ಸಿಗಲು ಸುಮಾರು ಒಂದೂವರೆ ಶತಮಾನ ಹೆಚ್ಚು ಹಿಡಿಯಿತು. ಈ ಕಟ್ಟಡಗಳ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಈ ಅಂತರವನ್ನೇ ಹಿಡಿದುಕೊಂಡು ಹೊರಡಬೇಕು ಎಂದು ನನಗೆ ಅನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಬ್ರಿಟಿಷ್ ನಾವಿಕನು ನೌಕಾಪಡೆಯ ನೌಕರನಾಗಿರಲಿಲ್ಲ, ಒಂದು ನಿರ್ದಿಷ್ಟ ಹಡಗಿನ ಆಳಾಗಿದ್ದ. ಹಡಗು ಸಮುದ್ರಕ್ಕೆ ಹೊರಡುವಾಗ ಅವನನ್ನು ಸೇರಿಸಿಕೊಳ್ಳುತ್ತಿದ್ದರು, ಎರಡು ಮೂರು ವರ್ಷಗಳ ನಂತರ ಹಡಗು ಮರಳಿ ದಡ ಸೇರಿದಾಗ ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಡುತ್ತಿದ್ದರು. ಕೆಲಸವಿರುವಷ್ಟು ದಿನ ಹಡಗೇ ಮನೆಯಾದ್ದರಿಂದ ದಡದ ಮೇಲೆ ಅವನಿಗೊಂದು ವಸತಿ ಬೇಕೆಂದು ಸರಕಾರಕ್ಕೆ ತೋಚಲಿಲ್ಲ. 1853ರಲ್ಲಿ ನಾವಿಕರನ್ನು ದೀರ್ಘಾವಧಿಗೆ ನೇಮಿಸಿಕೊಳ್ಳುವ ಪದ್ಧತಿ ಜಾರಿಗೆ ಬಂದಾಗ ಈ ಲೆಕ್ಕಾಚಾರವೆಲ್ಲ ಬದಲಾಯಿತು. ಈಗ ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತುವ ನಡುವಿನ ದಿನಗಳಲ್ಲಿಯೂ ಅವನು ಸಂಬಳದ ನೌಕರನೇ. ಅವನನ್ನು ಎಲ್ಲಿ ಇರಿಸುವುದು? ಅದಕ್ಕೆ ಕಂಡುಕೊಂಡ ಅಗ್ಗದ ಉಪಾಯವೆಂದರೆ ಹಳೆಯ ಹಡಗುಗಳು. ಪಾಯಿಮರ ಕಳಚಿ, ಫಿರಂಗಿ ಇಳಿಸಿ, ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ ಇಂಥ ಹಡಗುಗಳನ್ನು 'ಹಲ್ಕ್' ಎನ್ನುತ್ತಿದ್ದರು. ತೇವ, ಕತ್ತಲು, ಗಾಳಿಯಾಡದ ತಳ, ಬೆನ್ನು ನೆಟ್ಟಗೆ ಮಾಡಲಾಗದಷ್ಟು ತಗ್ಗಿದ ಚಾವಣಿ. ಅದರಲ್ಲಿ ನೂರಾರು ಮಂದಿ ಮುಂದಿನ ಹಡಗಿಗಾಗಿ ಕಾಯುತ್ತಾ ದಿನ ಕಳೆಯಬೇಕಾಗಿತ್ತು.

ಈ ಹಲ್ಕ್‌ಗಳ ಬದಲಿಗೆ ಇಟ್ಟಿಗೆಯ ಕಟ್ಟಡಗಳನ್ನು ಕಟ್ಟಲು ಆರಿಸಿಕೊಂಡ ಜಾಗಕ್ಕೂ ಒಂದು ಹಿನ್ನೆಲೆಯಿದೆ. ಅಲ್ಲಿ ಮೊದಲು ಇದ್ದದ್ದು ಜೈಲು. ಹಬೆಯ ಯಂತ್ರ, ಕಬ್ಬಿಣದ ಮೈ ಬಂದ ಮೇಲೆ ಹಡಗುಗಳು ಎಷ್ಟು ದೊಡ್ಡದಾದವೆಂದರೆ ಹಳೆಯ ಡಾಕ್‌ಯಾರ್ಡಿನಲ್ಲಿ ಅವುಗಳಿಗೆ ತಾವೇ ಇಲ್ಲದಂತಾಯಿತು. 1862ರಿಂದ 1885ರವರೆಗೆ, ಸೇಂಟ್ ಮೇರಿ ದ್ವೀಪದ ಪಕ್ಕದ ಜವುಗು ತೊರೆಯನ್ನು ಅಗೆದು, ಬೇಸಿನ್ ಎಂದು ಕರೆಯುವ, ಹಡಗುಗಳು ತಂಗುವ ಮೂರು ಭಾರೀ ಕೊಳಗಳನ್ನು ನಿರ್ಮಿಸಲಾಯಿತು. ಈ ಕೆಲಸದ ದೊಡ್ಡ ಪಾಲನ್ನು ಮಾಡಿದವರು ಕೈದಿಗಳು. ಡಾಕ್‌ಯಾರ್ಡಿನ ಪಕ್ಕದಲ್ಲಿಯೇ 1850ರ ದಶಕದಲ್ಲಿ ಕಟ್ಟಿದ್ದ ಜೈಲಿನಿಂದ ಅವರನ್ನು ಪ್ರತಿದಿನ ಬೆಳಗ್ಗೆ ಸಾಲುಗಟ್ಟಿ ಕರೆತರುತ್ತಿದ್ದರು. ಅವರು ಕೆಸರು ಅಗೆಯುತ್ತಿದ್ದರು, ಅಲ್ಲಿಯ ಜೇಡಿಮಣ್ಣಿನಿಂದಲೇ ಇಟ್ಟಿಗೆ ಮಾಡಿ ಸುಡುತ್ತಿದ್ದರು, ಗೂಟ ಹೊಡೆಯುತ್ತಿದ್ದರು. ಕೊಳಗಳ ಕೆಲಸಕ್ಕೆ ಮುಂಚೆಯೇ, 1861ರಲ್ಲಿ, ಅನ್ನದ ಮತ್ತು ಶಿಕ್ಷೆಯ ಕಾಟ ತಾಳಲಾರದೆ ಅವರು ದೊಡ್ಡದೊಂದು ದಂಗೆಯನ್ನೇ ಎದ್ದರು, ಅದನ್ನು ಹತ್ತಿಕ್ಕಲು ಸೈನ್ಯವನ್ನು ಕರೆಸಬೇಕಾಯಿತು. ಕೊಳಗಳ ಕೆಲಸ ಮುಗಿದ ಮೇಲೆ ಜೈಲಿನ ಅಗತ್ಯ ಉಳಿಯಲಿಲ್ಲ. ಅದನ್ನು ಕೆಡವಿದ ನೆಲದ ಮೇಲೆಯೇ 1897ರಿಂದ 1902ರ ನಡುವೆ ನಾವಿಕರ ಬ್ಯಾರಕ್ಕುಗಳು ಎದ್ದವು. ಚಾಟಮ್ ಡಾಕ್‌ಯಾರ್ಡಿನ ಚರಿತ್ರೆ ಬರೆಯುವವರು ಅಡ್ಮಿರಲ್‌ಗಳಿಗೆ ಕೊಡುವ ಪುಟಗಳಲ್ಲಿ ಅರ್ಧದಷ್ಟನ್ನಾದರೂ ಈ ಕೈದಿಗಳಿಗೆ ಕೊಡಬೇಕಿತ್ತು.

ಇಳಿಜಾರಿನ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿ, ಕೆಂಪು ಇಟ್ಟಿಗೆಯ ಉದ್ದುದ್ದ ವಸತಿ ಬ್ಲಾಕುಗಳನ್ನು ಎತ್ತಿ ಅವುಗಳಿಗೆ ಹಳೆಯ ಅಡ್ಮಿರಲ್‌ಗಳ ಹೆಸರಿಟ್ಟರು. ನಿಮ್ಮ ಮಗಳ ತರಗತಿಗಳು ನಡೆಯುವ ಕಟ್ಟಡಗಳ ಮೇಲೆ ಬ್ಲೇಕ್, ಹಾಕ್, ನೆಲ್ಸನ್ ಎಂಬ ಹೆಸರುಗಳನ್ನು ಅವಳು ಈಗಲೂ ಕಾಣಬಹುದು. ಅಧಿಕಾರಿಗಳಿಗೆ ಪ್ರತ್ಯೇಕ ಭವನವಿತ್ತು. ನಡುವೆ ಕವಾಯತು ಮೈದಾನ, ಅದರ ಅಂಚಿನಲ್ಲಿ ಮಳೆಯ ದಿನಗಳಲ್ಲಿ ಕವಾಯತು ನಡೆಸಲು ಗಾಜಿನ ಮಾಡಿನ ಭಾರೀ ಸಭಾಂಗಣ. ಅದೇ ಡ್ರಿಲ್ ಹಾಲ್, ನಿಮ್ಮ ಮಗಳ ಗ್ರಂಥಾಲಯ. ಬ್ಯಾರಕ್ಕಿಗೆ ಬಂದರೂ ನಾವಿಕರು ಮಂಚಕ್ಕೆ ಬರಲಿಲ್ಲ. ಹಡಗಿನಲ್ಲಿದ್ದಂತೆಯೇ ಕೊಂಡಿಯಿಂದ ಕೊಂಡಿಗೆ ಕ್ಯಾನ್ವಾಸಿನ ತೂಗುಹಾಸಿಗೆ ಕಟ್ಟಿ ಮಲಗಿ, ಬೆಳಗ್ಗೆ ಅದನ್ನು ಬಿಗಿಯಾಗಿ ಸುತ್ತಿ ಎತ್ತಿಡುತ್ತಿದ್ದರು.

ಇನ್ನು ಆ ರಾತ್ರಿಯ ವಿಷಯ. ಅದು ಮೊದಲನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಚಾಟಮ್ ಬ್ಯಾರಕ್ಕು ಆ ವೇಳೆಗಾಗಲೇ ತನ್ನ ಬಹಳ ಜನರನ್ನು ಕಳೆದುಕೊಂಡಿತ್ತು. 1914ರ ಸೆಪ್ಟೆಂಬರ್ 22ರಂದು ಅಬೂಕಿರ್, ಹೋಗ್, ಕ್ರೆಸ್ಸಿ ಎಂಬ ಮೂರು ಹಡಗುಗಳನ್ನು ಒಂದೇ ಜರ್ಮನ್ ಜಲಾಂತರ್ಗಾಮಿ ಒಂದೇ ಬೆಳಗಿನಲ್ಲಿ ಮುಳುಗಿಸಿದಾಗ ಸತ್ತ 1,459 ಮಂದಿಯಲ್ಲಿ ಬಹಳಷ್ಟು ಜನ, ಯುದ್ಧ ಬಂತೆಂದು ಮನೆಗಳಿಂದ ಮರಳಿ ಕರೆಸಿಕೊಂಡಿದ್ದ ಚಾಟಮ್ ವಿಭಾಗದ ನಾವಿಕರು. ಆದರೂ ಬ್ಯಾರಕ್ಕು ಬರಿದಾಗಲಿಲ್ಲ. ಹೊಸದಾಗಿ ಸೇರಿದವರು ಬಂದು ತುಂಬುತ್ತಲೇ ಇದ್ದರು. 1917ರ ಸೆಪ್ಟೆಂಬರ್ ಹೊತ್ತಿಗೆ ವಸತಿ ಬ್ಲಾಕುಗಳು ಸಾಲದೆ ಡ್ರಿಲ್ ಹಾಲ್ ಅನ್ನೂ ಮಲಗುವ ಕೋಣೆ ಮಾಡಿಕೊಂಡಿದ್ದರು. ಸೆಪ್ಟೆಂಬರ್ 3ರ ರಾತ್ರಿ ಅಲ್ಲಿ ಸುಮಾರು 900 ಮಂದಿ ಮಲಗಿದ್ದರು.

ಗೋಥಾ ಎಂಬ ಜರ್ಮನ್ ಬಾಂಬರ್ ವಿಮಾನಗಳು ಆ ವರ್ಷದ ಬೇಸಿಗೆಯಲ್ಲಿ ಹಗಲಿನಲ್ಲಿಯೇ ಬಂದು ಲಂಡನ್ ಮತ್ತು ಸುತ್ತಲಿನ ಊರುಗಳ ಮೇಲೆ ಬಾಂಬು ಹಾಕಿ ಹೋಗುತ್ತಿದ್ದವು. ಬ್ರಿಟಿಷ್ ವಿಮಾನಗಳು ಮತ್ತು ಫಿರಂಗಿಗಳು ಚುರುಕಾಗಿ, ಹಗಲು ಬರುವುದು ದುಬಾರಿಯಾದಾಗ ಅವು ರಾತ್ರಿಗೆ ಹೊರಳಿದವು. ಆ ಮೊದಲ ರಾತ್ರಿ ದಾಳಿಯೇ ಚಾಟಮ್ ಮೇಲಾಯಿತು. ಬಂದದ್ದು ನಾಲ್ಕೇ ವಿಮಾನ. ಬೆಳದಿಂಗಳಿನಲ್ಲಿ ಮೆಡ್‌ವೇ ನದಿಯೇ ಅವುಗಳಿಗೆ ದಾರಿ ತೋರಿಸಿತು. ಗಾಜಿನ ಮಾಡನ್ನು ಸೀಳಿಕೊಂಡು ಒಳಗೆ ಬಿದ್ದ ಬಾಂಬು ಕಾಂಕ್ರೀಟ್ ನೆಲವನ್ನು ಮುಟ್ಟುತ್ತಲೇ ಸಿಡಿಯಿತು. ಸಿಡಿತಕ್ಕಿಂತ ಘೋರವಾದದ್ದು ಗಾಜಿನಿಂದಾದ ಗಾಯ. ದಪ್ಪ ಗಾಜಿನ ಹಾಳೆಗಳು ತೂಗುಹಾಸಿಗೆಯಲ್ಲಿ ಮಲಗಿದ್ದವರ ಮೇಲೆ ಕತ್ತಿಯ ಅಲುಗಿನಂತೆ ಇಳಿದವು. ಕತ್ತಲಿನಲ್ಲಿ, ಧೂಳಿನಲ್ಲಿ, ಪಕ್ಕದ ಬ್ಲಾಕುಗಳಿಂದ ಓಡಿಬಂದ ಹುಡುಗರು ಲಾಂದ್ರ ಹಿಡಿದು ತಮ್ಮ ಜೊತೆಗಾರರನ್ನು ಹುಡುಕಿದರು. ಸಭಾಂಗಣದ ಗೋಪುರದ ಗಡಿಯಾರ 11 ಗಂಟೆ 12 ನಿಮಿಷಕ್ಕೆ ನಿಂತುಹೋಗಿತ್ತು. ಸುಮಾರು 130 ನಾವಿಕರು ಸತ್ತರು. ಅವರಲ್ಲಿ ಬಹುಪಾಲು ಎಳೆಯರು, ಇನ್ನೂ ಯಾವ ಯುದ್ಧನೌಕೆಯನ್ನೂ ಹತ್ತದವರು ಹಲವರು. ಗುರುತು ಹಿಡಿಯಲಾಗದ ದೇಹಗಳೂ ಇದ್ದವು. ಕೆಲವೇ ದಿನಗಳಲ್ಲಿ ಧ್ವಜ ಹೊದಿಸಿದ ಲಾರಿಗಳ ಸಾಲಿನಲ್ಲಿ ಶವಪೆಟ್ಟಿಗೆಗಳನ್ನು ಗಿಲ್ಲಿಂಗ್‌ಹ್ಯಾಮಿನ ವುಡ್‌ಲ್ಯಾಂಡ್ಸ್ ಸ್ಮಶಾನಕ್ಕೆ ಒಯ್ದಾಗ ಇಡೀ ಊರು ರಸ್ತೆಯ ಎರಡೂ ಬದಿ ನಿಂತಿತ್ತು. ನಿಮ್ಮ ಮಗಳಿಗೆ ಬಿಡುವಿದ್ದರೆ ಅಲ್ಲಿಗೊಮ್ಮೆ ಹೋಗಿಬರಲಿ. ಅವಳ ಕಾಲೇಜಿನಿಂದ ಅದು ದೂರವೇನಿಲ್ಲ.

ಆ ರಾತ್ರಿಯ ಆಚೆಗಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಎರಡನೆಯ ಮಹಾಯುದ್ಧದ ವೇಳೆಗೆ, ಹಳೆಯ ಪಾಠ ನೆನಪಿದ್ದುದರಿಂದ, ಬ್ಯಾರಕ್ಕಿನ ಅಡಿಯಲ್ಲಿ ವಾಯುದಾಳಿಯಿಂದ ಅಡಗಲು ಸುರಂಗಗಳನ್ನು ಕೊರೆದಿದ್ದರು. 1981ರಲ್ಲಿ ಆಗಿನ ರಕ್ಷಣಾ ಸಚಿವ ಜಾನ್ ನಾಟ್ ಚಾಟಮ್ ಡಾಕ್‌ಯಾರ್ಡನ್ನು ಮುಚ್ಚುವುದಾಗಿ ಘೋಷಿಸಿದರು. ಮರುವರ್ಷವೇ ಫಾಕ್‌ಲ್ಯಾಂಡ್ ಯುದ್ಧ ಬಂದರೂ ತೀರ್ಮಾನ ಬದಲಾಗಲಿಲ್ಲ. 1984ರಲ್ಲಿ ಡಾಕ್‌ಯಾರ್ಡೂ ಬ್ಯಾರಕ್ಕೂ ಒಟ್ಟಿಗೇ ಮುಚ್ಚಿದವು, ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಡಾಕ್‌ಯಾರ್ಡಿನ ಹಳೆಯ ಭಾಗ ವಸ್ತುಸಂಗ್ರಹಾಲಯವಾಯಿತು. ಬ್ಯಾರಕ್ಕು ಹಲವು ವರ್ಷ ಖಾಲಿ ಬಿದ್ದಿದ್ದು, ಆಮೇಲೆ ಗ್ರೀನಿಚ್ ವಿಶ್ವವಿದ್ಯಾಲಯದ ಪಾಲಿಗೆ ಬಂತು. 2004ರಿಂದ ಬೇರೆ ವಿಶ್ವವಿದ್ಯಾಲಯಗಳೂ ಜೊತೆಗೂಡಿದವು. ಡ್ರಿಲ್ ಹಾಲನ್ನು ಕೆಡವದೆ, ಅದರ ಉದ್ದವನ್ನು ಗೋಡೆ ಹಾಕಿ ತುಂಡರಿಸದೆ ಗ್ರಂಥಾಲಯ ಮಾಡಿದ್ದು ಬಹಳ ಒಳ್ಳೆಯ ಕೆಲಸ. ಅದನ್ನು ಹೋಳು ಹೋಳು ಮಾಡಿದ್ದರೆ ಒಂದೇ ಸೂರಿನಡಿ 900 ಮಂದಿ ಮಲಗಿದ್ದರು ಎಂಬುದನ್ನು ಕಣ್ಣಿಗೆ ತಂದುಕೊಳ್ಳುವುದೇ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ಮಗಳು ಅಲ್ಲಿ ಕುಳಿತು ಓದುವುದರಲ್ಲಿ ಅಳುಕುವಂಥದ್ದು ಏನೂ ಇಲ್ಲ ಎಂದು ಅವಳಿಗೆ ನನ್ನ ಮಾತಾಗಿ ಹೇಳಿ.

ಪ್ರಶ್ನೆ: ಕಲ್ಲು ಇಟ್ಟಿಗೆಯ ಬ್ಯಾರಕ್ಕುಗಳಿಗೆ ನೌಕಾಪಡೆಯವರು ಹಡಗಿನ ಹೆಸರಿಡುವುದೇಕೆ? ನಮ್ಮ ಯಜಮಾನರು ನೌಕಾಪಡೆಯಲ್ಲಿದ್ದವರು. ದಡದ ಮೇಲಿನ ಕಚೇರಿಯಿಂದ ಮನೆಗೆ ಹೊರಡುವಾಗಲೂ "ದಡಕ್ಕೆ ಹೋಗುತ್ತೇನೆ" ಎನ್ನುತ್ತಿದ್ದರು.
— ಓದುಗರು, ಇಂದಿರಾನಗರ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರ ಮಾತಿನ ಹಿಂದೆ ಕಾಯ್ದೆಯ ಕಾರಣವೊಂದಿದೆ. ಬ್ರಿಟಿಷ್ ನೌಕಾಪಡೆಯ ಶಿಸ್ತಿನ ಕಾಯ್ದೆ ಅನ್ವಯಿಸುತ್ತಿದ್ದದ್ದು ಯಾವುದಾದರೊಂದು ಹಡಗಿನ ಪಟ್ಟಿಯಲ್ಲಿ ಹೆಸರಿರುವವರಿಗೆ. ಸಂಬಳ, ಪಡಿತರ, ರಜೆ, ಶಿಕ್ಷೆ ಎಲ್ಲವೂ ಆ ಪಟ್ಟಿಯ ಮೂಲಕವೇ. ಹೀಗಾಗಿ ದಡದಲ್ಲಿರುವ ನಾವಿಕನೂ ಕಾಗದದ ಮೇಲಾದರೂ ಒಂದು ಹಡಗಿನಲ್ಲಿರಲೇಬೇಕಾಗಿತ್ತು. ಚಾಟಮ್‌ನಲ್ಲಿ ಹಲ್ಕ್‌ಗಳ ಕಾಲದಲ್ಲಿ ಪೆಂಬ್ರೋಕ್ ಎಂಬ ನಿಜವಾದ ಹಡಗು ಇತ್ತು. ಜನ ಹಡಗಿನಿಂದ ಬ್ಯಾರಕ್ಕಿಗೆ ಬಂದಾಗ ಹೆಸರೂ ಅವರೊಡನೆ ದಡಕ್ಕೆ ಬಂತು. ಇಂಥ ನೆಲೆಗಳನ್ನು ನಾವಿಕರು ತಮ್ಮೊಳಗೆ 'ಕಲ್ಲಿನ ಹಡಗು' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಅಲ್ಲಿ ನೆಲ ಎಂದರೆ ಡೆಕ್, ಅಡುಗೆಮನೆ ಎಂದರೆ ಗ್ಯಾಲಿ, ಗೇಟು ದಾಟಿ ಪೇಟೆಗೆ ಹೋಗುವುದೆಂದರೆ ದಡಕ್ಕೆ ಹೋಗುವುದು.

ಈ ಪದ್ಧತಿ ಎಷ್ಟು ದೂರ ಹೋಯಿತೆಂಬುದಕ್ಕೆ ಪೆಂಬ್ರೋಕ್ ಹೆಸರಿನದೇ ಒಂದು ನಿದರ್ಶನವಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತಲಿಪಿಯನ್ನು ಬಿಡಿಸಲು ಬ್ಲೆಚ್ಲಿ ಪಾರ್ಕ್ ಮತ್ತು ಅದರ ಉಪಕೇಂದ್ರಗಳಲ್ಲಿ ಯಂತ್ರ ನಡೆಸುತ್ತಿದ್ದ ನೌಕಾಪಡೆಯ ಸಾವಿರಕ್ಕೂ ಹೆಚ್ಚು ಯುವತಿಯರು 'ಎಚ್‌ಎಂಎಸ್ ಪೆಂಬ್ರೋಕ್-5' ಎಂಬ ಹಡಗಿನ ಪಟ್ಟಿಯಲ್ಲಿದ್ದರು. ಅಂಥ ಹಡಗು ಎಲ್ಲಿಯೂ ಇರಲಿಲ್ಲ. ಅವರಿದ್ದ ಜಾಗದಿಂದ ಸಮುದ್ರ ಬಹು ದೂರ. ಕೆಲಸದ ಗುಟ್ಟನ್ನು ಬಿಟ್ಟುಕೊಡಬಾರದಾಗಿದ್ದ ಅವರಿಗೆ, ಕೇಳಿದವರಿಗೆಲ್ಲ ಹೇಳಲು ಹಡಗಿನ ಹೆಸರೊಂದು ಇದ್ದದ್ದು ಅನುಕೂಲವೇ ಆಯಿತು.

ಸ್ವಾತಂತ್ರ್ಯಾನಂತರ ನಮ್ಮ ನೌಕಾಪಡೆಯೂ ಈ ಪದ್ಧತಿಯನ್ನು ಉಳಿಸಿಕೊಂಡಿತು. ಕಾರವಾರದ ನೌಕಾನೆಲೆಯ ಹೆಸರು ಐಎನ್‌ಎಸ್ ಕದಂಬ. ಅದು ಹಡಗಲ್ಲ, ನೆಲೆ, ಆದರೂ ಹೆಸರಿನ ಮುಂದೆ ಹಡಗಿಗೆ ಸಲ್ಲುವ ಐಎನ್‌ಎಸ್ ಇದೆ. ಬನವಾಸಿಯ ಅರಸುಮನೆತನದ ಹೆಸರು ಕರಾವಳಿಯ ಕಲ್ಲಿನ ಹಡಗಿಗೆ ಬಂದಿರುವುದನ್ನು ಬರೆಯುವಾಗ ನನಗೆ ಸಂತೋಷವಾಗುತ್ತದೆ.

ಪ್ರಶ್ನೆ: ಚಾಟಮ್‌ಗೂ ನಮ್ಮ ಬೆಂಗಳೂರಿಗೂ ಏನಾದರೂ ಸಂಬಂಧವಿದೆಯೇ? ನಮ್ಮ ತಾತ ಹಲಸೂರು ಕೆರೆಯ ಬಳಿಯ ಸ್ಯಾಪರ್ಸ್ ಪಡೆಯಲ್ಲಿದ್ದರು. ಅವರ ಬಾಯಲ್ಲಿ ಈ ಹೆಸರನ್ನು ಚಿಕ್ಕಂದಿನಲ್ಲಿ ಕೇಳಿದ ನೆನಪು.
— ಓದುಗರು, ಫ್ರೇಜರ್ ಟೌನ್, ಬೆಂಗಳೂರು

ಉತ್ತರ: ನಿಮ್ಮ ನೆನಪಿಗೆ ಆಧಾರವಿದೆ. ಚಾಟಮ್ ಡಾಕ್‌ಯಾರ್ಡಿನ ಬಳಿಯೇ ಇರುವ ಬ್ರಾಂಪ್ಟನ್ ಬ್ಯಾರಕ್ಕು ಬ್ರಿಟಿಷ್ ಸೇನೆಯ ಎಂಜಿನಿಯರುಗಳ ತವರು. ಅದು ಇಂದಿಗೂ ಸೇನೆಯ ಬಳಕೆಯಲ್ಲಿದೆ. ಅಲ್ಲಿಯ ಶಾಲೆ ಆರಂಭವಾದದ್ದು 1812ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯು ಎಂಜಿನಿಯರ್ ಹುದ್ದೆಗೆ ಆರಿಸಿದ ತರುಣರು ಭಾರತಕ್ಕೆ ಹಡಗು ಹತ್ತುವ ಮೊದಲು ಅಲ್ಲಿ ಕಂದಕ ತೋಡುವುದು, ಸುರಂಗ ಕೊರೆಯುವುದು, ಸೇತುವೆ ಹಾಕುವುದನ್ನು ಕಲಿತು ಬರುತ್ತಿದ್ದರು. ಶ್ರೀರಂಗಪಟ್ಟಣದ ಹವೆ ಒಗ್ಗದೆ 1809ರಲ್ಲಿ ದಂಡು ಬೆಂಗಳೂರಿಗೆ ಬಂತು, ನಮ್ಮ ರೈಲು ನಿಲ್ದಾಣದ ಹೆಸರಿನಲ್ಲಿ ಆ 'ದಂಡು' ಇನ್ನೂ ಇದೆ. ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರುಗಳ ಪಡೆ ಮುಂದೆ ಹಲಸೂರಿನ ಬಳಿ ನೆಲೆನಿಂತಿತು. ಅದರ ಅಧಿಕಾರಿಗಳ ಮಾತಿನಲ್ಲಿ ಚಾಟಮ್ ಹೆಸರು ಬರುತ್ತಿದ್ದದ್ದು ಸಹಜವೇ.

ನಾವಿಕರ ಬ್ಯಾರಕ್ಕಿನೊಂದಿಗಿನ ನಂಟು ಇನ್ನೂ ಹತ್ತಿರದ್ದು. ಬ್ಯಾರಕ್ಕು ಬರುವ ಮುನ್ನ ನಾವಿಕರನ್ನು ಹಳೆಯ ಹಡಗುಗಳಲ್ಲಿ ಇರಿಸುತ್ತಿದ್ದರೆಂದು ಮೇಲೆ ಹೇಳಿದೆನಲ್ಲ, 1850ರ ದಶಕದಿಂದ 1868ರವರೆಗೆ ಚಾಟಮ್‌ನಲ್ಲಿ ಆ ಕೆಲಸಕ್ಕಿದ್ದ ಹಡಗುಗಳಲ್ಲಿ ಒಂದರ ಹೆಸರು 'ವೆಲ್ಲೆಸ್ಲಿ'. 74 ಫಿರಂಗಿಗಳ ಆ ಯುದ್ಧನೌಕೆಯನ್ನು ಕಟ್ಟಿದ್ದು ಬೊಂಬಾಯಿಯ ಡಾಕ್‌ಯಾರ್ಡಿನಲ್ಲಿ, ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿ ಜಮ್ಶೆಟ್ಜಿ ಬೊಮನ್‌ಜಿ ಅವರ ಉಸ್ತುವಾರಿಯಲ್ಲಿ, ತೇಗದ ಮರದಿಂದ. ಅದು ನೀರಿಗಿಳಿದದ್ದು 1815ರಲ್ಲಿ. ಇಂಗ್ಲೆಂಡಿನ ಓಕ್ ಮರದ ಹಡಗುಗಳು ಕೊಳೆತು ಒಡೆಯುವ ಪ್ರಾಯದಲ್ಲಿ ಬೊಂಬಾಯಿಯ ತೇಗದ ಹಡಗುಗಳು ಗಟ್ಟಿಮುಟ್ಟಾಗಿರುತ್ತಿದ್ದವು, ಆದ್ದರಿಂದಲೇ ಅವುಗಳನ್ನು ದಶಕಗಳ ಕಾಲ ಹೀಗೆ ನದಿಯಲ್ಲಿ ನಿಲ್ಲಿಸಿ ಬಳಸಲು ಸಾಧ್ಯವಾಯಿತು. ಆರ್ಥರ್ ವೆಲ್ಲೆಸ್ಲಿ ಯಾರೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ಹಿಡಿದು ದರಿಯಾ ದೌಲತ್ ಬಾಗಿನಲ್ಲಿ ವಾಸವಾಗಿದ್ದು, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನೇ ಆತ. ಬೊಂಬಾಯಿಯಲ್ಲಿ 1819ರಲ್ಲಿ ಕಟ್ಟಿದ ಇನ್ನೊಂದು ಯುದ್ಧನೌಕೆಗೆ 'ಸೆರಿಂಗಪಟಮ್' ಎಂದೇ ಹೆಸರಿತ್ತು. ಅದರ ಮೂತಿಯಲ್ಲಿದ್ದ, ಪೇಟ ಧರಿಸಿ ಹಕ್ಕಿಯ ಮೇಲೆ ಕುಳಿತ ಮರದ ವಿಗ್ರಹ ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ, ಅದನ್ನು ಟಿಪ್ಪು ಸುಲ್ತಾನನೆಂದು ಗುರುತಿಸುತ್ತಾರೆ.

ವೆಲ್ಲೆಸ್ಲಿ ಹಡಗು ಚಾಟಮ್‌ನಿಂದ ಥೇಮ್ಸ್ ನದಿಗೆ ಹೋಗಿ, 'ಕಾರ್ನ್‌ವಾಲ್' ಎಂಬ ಹೊಸ ಹೆಸರಿನಲ್ಲಿ ದಾರಿ ತಪ್ಪಿದ ಹುಡುಗರಿಗೆ ನಾವಿಕ ವಿದ್ಯೆ ಕಲಿಸುವ ಶಾಲೆಯಾಯಿತು. 1940ರ ಸೆಪ್ಟೆಂಬರಿನಲ್ಲಿ, 125 ವರ್ಷ ತುಂಬಿದ್ದ ಆ ತೇಗದ ಹಡಗು ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಮುಳುಗಿತು. ಅದರ ಮೂತಿಯ ವಿಗ್ರಹ ಮಾತ್ರ ಉಳಿಯಿತು. ಹನುಮಂತನಗರದ ಓದುಗರ ಮಗಳಿಗೆ ಇದನ್ನೂ ತಿಳಿಸಬೇಕು: ಗ್ರಂಥಾಲಯದಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಹಳೆಯ ಡಾಕ್‌ಯಾರ್ಡಿನ ಮುಖ್ಯ ದ್ವಾರವಿದೆ. ಎರಡು ಇಟ್ಟಿಗೆ ಗೋಪುರಗಳ ಆ ದ್ವಾರವನ್ನು ದಾಟಿದ ಕೂಡಲೇ ಕಾಣುವ, ಬಣ್ಣ ಹಚ್ಚಿದ, ಎದೆಯವರೆಗಿನ ಮರದ ವಿಗ್ರಹ ಬೊಂಬಾಯಿಯಲ್ಲಿ ಕಟ್ಟಿದ ಆ ವೆಲ್ಲೆಸ್ಲಿಯದು.